ಏರುದನಿಯ ಹಾಡು

ಸಾಹಿತ್ಯಾಸಕ್ತರಲ್ಲಿ ಒಂದು ಅಭಿಪ್ರಾಯ ಬಹಳ ದಿನಗಳಿಂದ ಬೇರುಬಿಟ್ಟಿದೆ. ಒಳ್ಳೆಯ ಹಾಡು ಮೆಲುದನಿಯದು. ಹೇಳದೆ ಬಿಟ್ಟದ್ದರಲ್ಲಿಯೇ ಅದರ ಸೊಗಸು. ದನಿಯೇರಿಸಿ, ಕೈಯೆತ್ತಿ, ಆಕಾಶ ಪಾತಾಳಗಳನ್ನು ಒಂದುಮಾಡಿ ಹಾಡುವುದು ನಾಟಕದವರ ಚಾಳಿ. "ಅದೇನು ಹಾಡು, ಬರೀ ನಾಟಕ" ಎಂಬ ಒಂದು ಮಾತಿನಲ್ಲಿ ಅಂಥ ಹಾಡಿನ ವಿಚಾರಣೆ ಮುಗಿದುಹೋಗುತ್ತದೆ. ಈ ತೀರ್ಪು ಅವಸರದ್ದೆಂದು ನನಗೆ ತೋರುತ್ತದೆ. ಆದ್ದರಿಂದ ಈ ಹೊತ್ತು ಆ ಏರುದನಿಯ ಹಾಡಿನ ಪರವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇನೆ. ನನಗೆ ಇಬ್ಬರು ಸಾಕ್ಷಿಗಳು. ಒಬ್ಬನು ನಮ್ಮ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ; ಮತ್ತೊಬ್ಬನು ಕಡಲಾಚೆಯ ಅಮೆರಿಕೆಯಲ್ಲಿ 2021ರವರೆಗೆ ಬದುಕಿದ್ದ ಜಿಮ್ ಸ್ಟೈನ್‌ಮನ್. ಇವರಿಬ್ಬರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವ ಸಂಭವವಿರಲಿಲ್ಲ. ಆದರೂ ಇವರು ಮಾಡಿದ ಕೆಲಸ ಒಂದೇ ಜಾತಿಯದು.

ನಾನು ಕೃಷ್ಣೆಯ ದಂಡೆಯ ಯಡೂರಿನ ಕಡೆಯವನು. ಯಡೂರೆಂದರೆ ಈ ಭಾಗದವರಿಗೆ ಮೊದಲು ನೆನಪಾಗುವುದು ವೀರಭದ್ರ ದೇವರು. ವೀರಭದ್ರನ ಉತ್ಸವಗಳಲ್ಲಿ ಪುರವಂತರು ಒಡಪು ಹೇಳುವುದನ್ನು ಕೇಳಿದವರಿಗೆ ಏರುದನಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಕೈಯಲ್ಲಿ ಖಡ್ಗ, ಕಾಲಲ್ಲಿ ಗೆಜ್ಜೆ, ಹಿಂದೆ ಸಮಾಳದ ಗುಡುಗು. ದಕ್ಷನು ಶಿವನನ್ನು ಕರೆಯದೆ ಯಜ್ಞ ಮಾಡಿದ್ದು, ದಾಕ್ಷಾಯಣಿ ಉರಿಗೆ ಬಿದ್ದದ್ದು, ಶಿವನ ಕೋಪದಿಂದ ವೀರಭದ್ರನು ಹುಟ್ಟಿದ್ದು, ಇದೆಲ್ಲ ಅಲ್ಲಿ ಮೆಲುದನಿಯಲ್ಲಿ ಬರುವುದಿಲ್ಲ, ಗರ್ಜನೆಯಾಗಿ ಬರುತ್ತದೆ. ಕೇಳುವವರಲ್ಲಿ ಯಾರೂ ಇದು ಅತಿಯಾಯಿತು ಎನ್ನುವುದಿಲ್ಲ. ಕಥೆಯ ಬುಡದಲ್ಲಿರುವುದು ತವರಿನಲ್ಲಿ ಅವಮಾನಪಟ್ಟ ಒಬ್ಬ ಮಗಳ ದುಃಖವೆಂಬುದು ಅಲ್ಲಿ ನಿಂತ ಪ್ರತಿಯೊಬ್ಬ ಹೆಣ್ಣುಮಗಳಿಗೂ ಗೊತ್ತು. ಆ ದುಃಖಕ್ಕೆ ಅಷ್ಟು ದೊಡ್ಡ ದನಿ ಬೇಕೇ ಬೇಕು.

ಓದಿದವರೂ ಒಂದು ಸಂಗತಿಯನ್ನು ಮರೆಯಬಾರದು. ನಾವು ತಲೆಯ ಮೇಲೆ ಹೊತ್ತು ಮೆರೆಸುವ ರನ್ನನು ಇದೇ ನಾಡಿನವನು. ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಅವನ ಮುದುವೊಳಲು ಇಂದಿನ ಮುಧೋಳ. ಅವನ 'ಗದಾಯುದ್ಧ'ದಲ್ಲಿ ವೈಶಂಪಾಯನ ಸರೋವರದ ತಣ್ಣೀರಿನಲ್ಲಿ ಅಡಗಿದ ದುರ್ಯೋಧನನಿಗೆ ಭೀಮನ ಕೂಗು ಕೇಳಿಯೇ ಬೆವರು ಒಡೆಯುತ್ತದೆ. ಇದಕ್ಕಿಂತ ದೊಡ್ಡ ಅತಿಶಯೋಕ್ತಿಯನ್ನು ಯಾವ ನಾಟಕ ಕಂಪನಿಯವನು ಬರೆದಾನು? ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯದಲ್ಲಿ ನಾಟಕವನ್ನೇ ಕಂಡರು; ಅದನ್ನು ನಾಟಕವಾಗಿಯೇ ರೂಪಿಸಿದರು. ಎಲ್ಲ ಅಲಂಕಾರಗಳಿಗೂ ಅತಿಶಯವೇ ಆಸರೆಯೆಂದು ದಂಡಿ ಹೇಳಿಹೋಗಿದ್ದಾನೆ. ಹಾಗಿರುವಾಗ, ಹಳಗನ್ನಡದಲ್ಲಿದ್ದರೆ ಓಜಸ್ಸು, ಹಾರ್ಮೋನಿಯಂ ಜೊತೆಗಿದ್ದರೆ ಆಡಂಬರ ಎಂಬ ಭೇದವನ್ನು ನಾವು ಎಲ್ಲಿಂದ ತಂದೆವು?

ಇನ್ನು ನನ್ನ ಮೊದಲ ಸಾಕ್ಷಿಗೆ ಬರುತ್ತೇನೆ. 'ಶ್ರೀಕೃಷ್ಣ ಪಾರಿಜಾತ'ವು ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಗಳ ಜನರ ನಾಲಗೆಯ ಮೇಲೆ ತಲೆಮಾರುಗಳಿಂದ ಉಳಿದುಬಂದ ಆಟ. ಇದರ ಹಿಂದೆ ಇಬ್ಬರು ತಮ್ಮಣ್ಣರಿದ್ದಾರೆ. ಮೂಲವನ್ನು ರಚಿಸಿದವನು ಅಪರಾಳ ತಮ್ಮಣ್ಣ. ಅದನ್ನು ಹಿಗ್ಗಿಸಿ, ಹಾಡು ಸಂವಾದಗಳನ್ನು ತುಂಬಿ, ಇಡೀ ರಾತ್ರಿ ಜನರನ್ನು ಕೂರಿಸುವ ರಂಗಕೃತಿಯಾಗಿ ನಿಲ್ಲಿಸಿದವನು ಕುಲಗೋಡ ತಮ್ಮಣ್ಣ. ಕಥೆ ಎಷ್ಟು ಸಣ್ಣದೆಂದರೆ ಒಂದು ಉಸಿರಿನಲ್ಲಿ ಹೇಳಬಹುದು. ನಾರದನು ದೇವಲೋಕದಿಂದ ಒಂದು ಪಾರಿಜಾತದ ಹೂವು ತಂದನು, ಕೃಷ್ಣನು ಅದನ್ನು ರುಕ್ಮಿಣಿಗೆ ಕೊಟ್ಟನು, ಸತ್ಯಭಾಮೆ ಸಿಟ್ಟಾದಳು. ಇಷ್ಟೇ. ಒಂದು ಹೂವು, ಮತ್ತು ಅದಕ್ಕಾಗಿ ಒಂದು ರಾತ್ರಿಯಿಡೀ ಹಾಡು.

ಈ ಅಸಮತೆಯಲ್ಲಿಯೇ ಆಟದ ಗುಟ್ಟಿದೆಯೆಂದು ನನ್ನ ಎಣಿಕೆ. ಹೂವು ಸಣ್ಣದು, ಸಿಟ್ಟು ದೊಡ್ಡದು. ಹೊರಗಿನಿಂದ ನೋಡುವವನಿಗೆ ಇದು ನಗೆಯ ವಿಷಯ. ಒಳಗಿರುವವಳಿಗೆ ಹಾಗಲ್ಲ, ಹೂವಿನ ನೆವದಲ್ಲಿ ಅವಳು ಕೇಳುತ್ತಿರುವುದು, "ನಿನ್ನ ಮನಸ್ಸಿನಲ್ಲಿ ನನ್ನ ಜಾಗ ಯಾವುದು?" ಎಂಬ ಪ್ರಶ್ನೆಯನ್ನು. ಸಂಸಾರದಲ್ಲಿ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಾರದವರು ಎಷ್ಟು ಮಂದಿ! ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಟ ನೋಡುವ ಹೆಂಗಸಿನ ಪರವಾಗಿ ಸತ್ಯಭಾಮೆ ಅಲ್ಲಿ ದನಿಯೆತ್ತುತ್ತಾಳೆ. ಮನೆಯಲ್ಲಿ ನುಂಗಿಕೊಂಡ ಮಾತು ಅಟ್ಟದ ಮೇಲೆ ರಾಗವಾಗಿ ಹೊರಬರುತ್ತದೆ. ಅದು ದೊಡ್ಡದಾಗಿ ಬಂದರೆ ಆಶ್ಚರ್ಯವೇನು?

ಏರುದನಿಗೆ ಇನ್ನೊಂದು ಕಾರಣವೂ ಉಂಟು. ಅದು ರಂಗದ ಅಗತ್ಯ. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಬಯಲಿನಲ್ಲಿ, ಗಾಳಿ ಬೀಸುತ್ತಿರುವಾಗ, ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತ ಮುದುಕನಿಗೂ ಮಾತು ಮುಟ್ಟಬೇಕು. ಅಂಥ ಹಾಡನ್ನು ಕಟ್ಟುವವನು ಕೆಲವು ಲೆಕ್ಕಗಳನ್ನು ತಿಳಿದಿರಬೇಕು. ಸಾಲಿನ ಕೊನೆಗೆ ದೀರ್ಘಸ್ವರ ಬಂದರೆ ದನಿ ದೂರ ಹೋಗುತ್ತದೆ. ಪಲ್ಲವಿಯನ್ನು ಹಿಮ್ಮೇಳದವರು ಎತ್ತಿಕೊಂಡರೆ ಪಾತ್ರಧಾರಿಗೆ ಉಸಿರು ಸಿಗುತ್ತದೆ. ಮಾತು ತಪ್ಪಿಸಿಕೊಂಡವರಿಗೆ ಎರಡನೆಯ ಸಲ ಕೇಳುತ್ತದೆ. ಒಂದೇ ಮಟ್ಟದಲ್ಲಿ ಕೂಗಿದರೆ ಕಿವಿ ದಣಿಯುತ್ತದೆ. ಆದ್ದರಿಂದ ಹಾಡು ತಗ್ಗಿನಿಂದ ಹೊರಟು ಏರಬೇಕು, ಏರಿದ್ದು ಥಟ್ಟನೆ ನಿಲ್ಲಬೇಕು, ಆ ನಿಶ್ಶಬ್ದದಲ್ಲಿ ಒಂದು ಸಾಮಾನ್ಯ ಮಾತು ಬೀಳಬೇಕು. ಇದು ಒರಟುತನವಲ್ಲ, ಕಟ್ಟಡದ ಶಾಸ್ತ್ರ.

ಆ ಸಾಮಾನ್ಯ ಮಾತನ್ನು ಆಡುವವರೇ ಭಾಗವತ ಮತ್ತು ದೂತಿ. ಸತ್ಯಭಾಮೆಯ ಅಳಲು ಮುಗಿಲು ಮುಟ್ಟಿದಾಗ ಇವರು ಊರಿನ ಆಡುಮಾತಿನಲ್ಲಿ ಒಂದು ಚುಚ್ಚುನುಡಿ ಎಸೆಯುತ್ತಾರೆ, ಜನ ನಗುತ್ತಾರೆ. ನಕ್ಕ ಮೇಲೆ ಅಳಲು ಸುಳ್ಳಾಗುವುದಿಲ್ಲ. ಮತ್ತೆ ಹೊಸದಾಗಿ ಏರಲು ಅದಕ್ಕೆ ನೆಲ ಸಿಗುತ್ತದೆ. ತನ್ನನ್ನು ತಾನೇ ನೋಡಿ ನಗಬಲ್ಲ ಆಡಂಬರವನ್ನು ಯಾರೂ ಹೊರಗಿನಿಂದ ಗೇಲಿಮಾಡಲಾರರು. ಇದನ್ನು ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದೆ ನಮಗೆ ಇದರಿಂದ ಪ್ರಯೋಜನವಿದೆ.

ಇಂಥ ಹಾಡಿಗೆ ಭಾಷೆಯ ಗಡಿ ದಾಟುವ ಕಸುವೂ ಇದೆ. ಯಡೂರಿನಿಂದ ಬಹಳ ದೂರವಿಲ್ಲದ ಸಾಂಗ್ಲಿಯಲ್ಲಿ, ಉತ್ತರ ಕನ್ನಡದ ಕರ್ಕಿಯಿಂದ ಹೋದ ಭಾಗವತ ಮೇಳವೊಂದರ ಆಟವನ್ನು ಅಲ್ಲಿನ ಅರಸರು ನೋಡಿ ಮೆಚ್ಚಿದರು. ಅಂಥದನ್ನು ಮರಾಠಿಯಲ್ಲಿ ಮಾಡೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗವೇರಿತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಮುಂದೆ ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ 'ಸಂಗೀತ ಶಾಕುಂತಲ'ವನ್ನು ಆಡಿದರು. ಆ ಮರಾಠಿ ಮಟ್ಟುಗಳು ತಿರುಗಿ ನಮ್ಮ ಕಂಪನಿ ನಾಟಕಗಳಿಗೆ ಬಂದವು. ಕೊಟ್ಟದ್ದು ಬಡ್ಡಿಸಮೇತ ಮನೆಗೆ ಬಂದಂತಾಯಿತು. ಗಡಿಯ ಕೃಷ್ಣೆಯನ್ನು ದಾಟಿದ ಹಾಡಿಗೆ ಇನ್ನೂ ದೂರದಲ್ಲಿ ನೆಂಟರಿರಬಹುದಲ್ಲವೆ? ಆ ನೆಂಟನನ್ನು ಹುಡುಕಿಕೊಂಡು ಈಗ ಅಮೆರಿಕೆಗೆ ಹೋಗೋಣ.

ಜಿಮ್ ಸ್ಟೈನ್‌ಮನ್ ಹುಟ್ಟಿದ್ದು 1947ರಲ್ಲಿ, ನ್ಯೂಯಾರ್ಕಿನಲ್ಲಿ. ವಿದ್ಯುತ್ ಗಿಟಾರು ಮತ್ತು ನಗಾರಿಗಳ ಆರ್ಭಟದ 'ರಾಕ್' ಎಂಬ ಸಂಗೀತಪ್ರಕಾರ ಅವನ ತಲೆಮಾರಿನ ಹುಡುಗರ ಉಸಿರಾಗಿತ್ತು. ಆದರೆ ಅವನ ಮನಸ್ಸು ಮೊದಲಿನಿಂದಲೂ ರಂಗಭೂಮಿಯ ಕಡೆಗೆ ವಾಲಿದ್ದು. ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1969ರಲ್ಲಿ, 'ದ ಡ್ರೀಮ್ ಎಂಜಿನ್' ಎಂಬ ಸಂಗೀತನಾಟಕ ಬರೆದನು. ಆಮೇಲೆ, ಎಂದೂ ಬೆಳೆಯದ ಬಾಲಕ ಪೀಟರ್ ಪ್ಯಾನನ ಕಥೆಯನ್ನು ಆಧರಿಸಿ ಇನ್ನೊಂದನ್ನು ಕಟ್ಟತೊಡಗಿದನು. ಅದರ ಹಾಡುಗಳಲ್ಲಿ ಕೆಲವು ನಾಟಕದಿಂದ ಹೊರಬಂದು ಒಂದು ಗ್ರಾಮಫೋನ್ ತಟ್ಟೆಯನ್ನು ಸೇರಿದವು. ಅದೇ 1977ರ 'ಬ್ಯಾಟ್ ಔಟ್ ಆಫ್ ಹೆಲ್'. ಹಾಡಿದವನು ಮೀಟ್ ಲೋಫ್ ಎಂಬ ರಂಗನಾಮದ, ದೊಡ್ಡ ದೇಹ ಮತ್ತು ಅದಕ್ಕೂ ದೊಡ್ಡ ಕಂಠದ ಗಾಯಕ. ಧ್ವನಿಮುದ್ರಣ ಸಂಸ್ಥೆಗಳು ಒಂದಾದ ಮೇಲೊಂದು ಇದನ್ನು ತಿರಸ್ಕರಿಸಿದವು. ಹಾಡುಗಳು ಉದ್ದವಾಗಿದ್ದವು, ಗದ್ದಲದ್ದಾಗಿದ್ದವು; ರಾಕ್ ಎನ್ನಬೇಕೋ ನಾಟಕವೆನ್ನಬೇಕೋ ತಿಳಿಯದಂತಿದ್ದವು. ಕೊನೆಗೆ ಹೊರಬಂದಾಗ ಜನ ಅದನ್ನು ಕೋಟಿಗಟ್ಟಲೆ ಕೊಂಡರು.

ಆ ತಟ್ಟೆಯ ಮೊದಲ ಹಾಡನ್ನೇ ನೋಡಿ. ಸುಮಾರು 10 ನಿಮಿಷದ ಕಥನಗೀತ ಅದು. ಪ್ರಿಯೆಯನ್ನು ಬಿಟ್ಟು ರಾತ್ರಿಯಲ್ಲಿ ಮೋಟಾರ್ ಸೈಕಲ್ ಹತ್ತಿ ಹೊರಟ ಹುಡುಗ ಅಪಘಾತದಲ್ಲಿ ಬೀಳುತ್ತಾನೆ. ಸುದ್ದಿಪತ್ರಿಕೆಯಲ್ಲಿ ಮೂರು ಸಾಲಿಗೆ ಮುಗಿಯುವ ಸಂಗತಿ. ಸ್ಟೈನ್‌ಮನ್ ಅದಕ್ಕೆ ಪ್ರಳಯದ ಪರಿವೇಷ ಕೊಡುತ್ತಾನೆ. ವಾಹನದ ಮೊರೆತವನ್ನು ಕೂಡ ನಿಜವಾದ ವಾಹನದಿಂದ ತರದೆ, ಮುದ್ರಣದ ನಿರ್ಮಾಪಕನಾದ ಟಾಡ್ ರಂಡ್‌ಗ್ರೆನ್ ಗಿಟಾರಿನಿಂದಲೇ ಹೊರಡಿಸಿದನು. ನಮ್ಮ ಸಮಾಳ ವೀರಭದ್ರನ ಹೆಜ್ಜೆಯನ್ನು ಕೇಳಿಸುವುದಿಲ್ಲವೆ, ಹಾಗೆ! ವಿಮರ್ಶಕರು ಇವನ ಶೈಲಿಯನ್ನು ಜರ್ಮನಿಯ ಗೀತನಾಟಕಕಾರ ವಾಗ್ನರನೊಡನೆ ಹೋಲಿಸಿದರು. ವಾಗ್ನರನು ದೇವತೆಗಳಿಗೆ ಕೊಟ್ಟ ಗಾತ್ರವನ್ನು ಇವನು ಊರಹೊರಗಿನ ಒಬ್ಬ ಪೋಲಿ ಹುಡುಗನಿಗೆ ಕೊಟ್ಟನು. ಹೂವಿಗೆ ಇಡೀ ರಾತ್ರಿಯನ್ನು ಕೊಟ್ಟ ತಮ್ಮಣ್ಣನ ನಿಲುವಿಗೂ ಇದಕ್ಕೂ ದೂರವೆಷ್ಟು? ಹದಿನೇಳರ ಹುಡುಗನಿಗೆ ತನ್ನ ವಿರಹವೇ ಲೋಕದ ಅಂತ್ಯ. ನಾವು ದೊಡ್ಡವರು ಅದನ್ನು ಮರೆತಿರುತ್ತೇವೆ, ಹಾಡುಗಾರ ಮರೆತಿಲ್ಲ.

ಅದೇ ತಟ್ಟೆಯ ಇನ್ನೊಂದು ಹಾಡು, 'ಪ್ಯಾರಡೈಸ್ ಬೈ ದ ಡ್ಯಾಶ್‌ಬೋರ್ಡ್ ಲೈಟ್', ಗಂಡು ಹೆಣ್ಣಿನ ಸಂವಾದ. ನಿಂತ ಕಾರಿನೊಳಗೆ ಒಂದು ಹುಡುಗ, ಒಂದು ಹುಡುಗಿ. ಹುಡುಗನ ಅವಸರ ಮೇರೆ ಮೀರುತ್ತಿರುವಾಗ ಹುಡುಗಿ ತಡೆದು ಕೇಳುತ್ತಾಳೆ: ಕೊನೆಯವರೆಗೂ ನನ್ನನ್ನು ಪ್ರೀತಿಸುವೆಯಾ? ಹುಡುಗ ಬೆಳಗಿನವರೆಗೆ ವಾಯಿದೆ ಕೇಳುತ್ತಾನೆ. ಅವಳು ಬಿಡುವುದಿಲ್ಲ. ಕೊನೆಗೆ ಕಾಲದ ಕೊನೆಯವರೆಗೂ ಎಂದು ಆಣೆಯಿಡುತ್ತಾನೆ. ಈಗ ಇಬ್ಬರೂ ಆ ಕಾಲದ ಕೊನೆ ಎಂದು ಬಂದೀತೆಂದು ಕಾದು ಕುಳಿತಿದ್ದಾರೆ! ನಡುವೆ, ಹುಡುಗನ ಮುನ್ನಡೆಯನ್ನು ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆಯಂತೆ ಬಣ್ಣಿಸುವ ಒಂದು ದನಿಯಿದೆ. ಆ ಆಟದ ನಿಜವಾದ ವಿವರಣೆಗಾರನೇ ಆದ ಫಿಲ್ ರಿಜ಼ುಟೊ ಅದನ್ನು ಹೇಳಿದ್ದಾನೆ. ಕೇಳಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮ ಭಾಗವತ. ಹಾಲು ಮೊಸರು ಮಾರಹೊರಟ ಗೊಲ್ಲತಿಯನ್ನು ತಡೆದು ನಡೆಯುವ ಪಾರಿಜಾತದ ವಾದ ಪ್ರತಿವಾದಗಳನ್ನು ಬಲ್ಲವರಿಗೆ ಈ ಕಾರಿನೊಳಗಿನ ಜಗಳ ಅಪರಿಚಿತವೆನಿಸುವುದಿಲ್ಲ. ಅಲ್ಲಿಯೂ ಇಲ್ಲಿಯೂ ಗೆಲ್ಲುವುದು ಹೆಣ್ಣಿನ ಮಾತು. ಅಲ್ಲಿಯೂ ಇಲ್ಲಿಯೂ ನಗುವಿನ ಕೆಳಗೆ ನಂಬಬಹುದೇ ಎಂಬ ಅಳುಕು.

1993ರಲ್ಲಿ ಇದೇ ಜೋಡಿ ಮತ್ತೊಂದು ಹಾಡು ತಂದಿತು. ಪ್ರೀತಿಗಾಗಿ ಏನನ್ನಾದರೂ ಮಾಡುವೆನೆಂದು ಗಂಡು ಸುಮಾರು 12 ನಿಮಿಷ ಪ್ರತಿಜ್ಞೆ ಮಾಡುವ ಹಾಡು ಅದು. ಹಾಡಿನ ಕೊನೆಗೆ ಒಂದು ಹೆಣ್ಣುದನಿ ಬಂದು ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ಕಡೆಗೆ, ನೀನೂ ಒಂದು ದಿನ ಎಲ್ಲ ಮರೆತು ಹೊರಟುಹೋಗುವೆ ಎಂದು ಭವಿಷ್ಯ ನುಡಿಯುತ್ತದೆ. ಅಷ್ಟೆಲ್ಲ ಆಣೆಗಳ ಮೇಲೆ ಒಂದು ಹಿಡಿ ನೀರು ಎರಚಿದಂತೆ. ಆ ದನಿ ಲೊರೇನ್ ಕ್ರಾಸ್ಬಿ ಎಂಬ ಗಾಯಕಿಯದು. ತಟ್ಟೆಯ ಹೊದಿಕೆಯಲ್ಲಿ ಅವಳನ್ನು ಹೆಸರಿಸಿದ್ದು 'ಮಿಸೆಸ್ ಲೌಡ್' ಎಂದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಗಟ್ಟಿದನಿಯಮ್ಮ!

ಸ್ಟೈನ್‌ಮನ್ ಮಟ್ಟುಗಳನ್ನು ಬಳಸುವ ರೀತಿಯೂ ನಮ್ಮ ರಂಗಕರ್ಮಿಗಳಿಗೆ ಅರ್ಥವಾಗುವಂಥದು. 1983ರಲ್ಲಿ ಬಾನಿ ಟೈಲರ್ ಎಂಬ ಗಾಯಕಿ ಹಾಡಿ ಲೋಕಪ್ರಸಿದ್ಧವಾದ 'ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್' ಗೀತೆಯನ್ನು ಬರೆಯುವಾಗ ಅವನ ಮನಸ್ಸಿನಲ್ಲಿದ್ದದ್ದು ರಕ್ತಪಿಶಾಚಿಗಳ ಪ್ರಣಯ. ಮುಂದೆ 1997ರಲ್ಲಿ ವಿಯೆನ್ನಾ ನಗರದಲ್ಲಿ ಅಂಥ ಪಿಶಾಚಿಗಳ ಸಂಗೀತನಾಟಕಕ್ಕೆ ರಾಗ ಕೊಟ್ಟಾಗ ಅದೇ ಮಟ್ಟನ್ನು ಜರ್ಮನ್ ಮಾತುಗಳಿಗೆ ಹೊಂದಿಸಿ ರಂಗಕ್ಕೆ ತಂದನು. ಹಾಡಿನ ತಲೆಯ ಮೇಲೆ ಹಳೆಯ ಹಾಡಿನ ಮಟ್ಟನ್ನು ಸೂಚಿಸಿ ಅಚ್ಚುಹಾಕುತ್ತಿದ್ದ ನಮ್ಮ ನಾಟಕದ ಪುಸ್ತಕಗಳನ್ನು ಕಂಡವರು ಇದಕ್ಕೆ ಹುಬ್ಬೇರಿಸುವುದಿಲ್ಲ. ರಂಗದ ಹಾಡುಗಾರನಿಗೆ ರಾಗವೆಂಬುದು ಒಮ್ಮೆ ಉಟ್ಟು ಬಿಸುಡುವ ಬಟ್ಟೆಯಲ್ಲ.

ಹಾಗಾದರೆ ಏರುದನಿಯ ಹಾಡೆಲ್ಲ ಒಳ್ಳೆಯದೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಬಾಣನ ಕಾಲದಿಂದಲೂ ಬರಿಯ ಅಕ್ಷರಾಡಂಬರಕ್ಕೆ ನಮ್ಮಲ್ಲಿ ಆಕ್ಷೇಪವಿದೆ; ಅದು ಸರಿಯಾದ ಆಕ್ಷೇಪ. ನಾನು ಮೂರು ಒರೆಗಲ್ಲುಗಳನ್ನು ಇಟ್ಟುಕೊಂಡಿದ್ದೇನೆ. ಮೊದಲನೆಯದು, ದನಿಯ ಕೆಳಗೆ ಎಲ್ಲರಿಗೂ ಗುರುತು ಸಿಗುವ ಒಂದು ಸಣ್ಣ, ನಿಜವಾದ ನೋವು ಇದೆಯೇ? ಎರಡನೆಯದು, ಹಾಡು ತನ್ನ ಅತಿಯನ್ನು ತಾನೇ ಬಲ್ಲುದೇ, ಅದರೊಳಗೆ ನಗುವವರೊಬ್ಬರಿದ್ದಾರೆಯೇ? ಮೂರನೆಯದು, ದನಿ ಯಾರದು? ಬಯಲಾಟದ ಗಾಯಕಿ ತನ್ನ ಎದೆಯ ಬಲದಿಂದ ದನಿಯೆತ್ತಿದಾಗ ಅವಳ ದಣಿವೂ ಕೇಳಿಸುತ್ತದೆ; ಆ ದಣಿವೇ ಹಾಡಿನ ಸತ್ಯ. ಈಚೆಗೆ ಜಾತ್ರೆಗಳಲ್ಲಿ ಎತ್ತರದ ಪೆಟ್ಟಿಗೆಗಳನ್ನು ಪೇರಿಸಿ ಕಿವಿ ಹರಿಯುವಂತೆ ಬಾರಿಸುತ್ತಾರಲ್ಲ, ಅಲ್ಲಿ ದೊಡ್ಡದಾದದ್ದು ಯಂತ್ರ, ಮನುಷ್ಯನಲ್ಲ. ಈ ಒರೆಗಲ್ಲುಗಳಿಗೆ ತಿಕ್ಕಿದರೆ ಸ್ಟೈನ್‌ಮನ್ನನ ಕೆಲವು ಹಾಡುಗಳೂ ಸೋಲುತ್ತವೆ. ನಮ್ಮ ಕಂಪನಿ ನಾಟಕದ ಎಷ್ಟೋ ಹಾಡುಗಳೂ ಸೋಲುತ್ತವೆ. ಗೆದ್ದವುಗಳನ್ನಾದರೂ ನಾವು ಗೆದ್ದವೆಂದು ಒಪ್ಪಬೇಡವೆ?

ಇದು ಬರಿಯ ರುಚಿಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಹೊತ್ತು ಮಾತನಾಡುತ್ತಿರಲಿಲ್ಲ. ಗಟ್ಟಿಯಾಗಿ ಹೇಳಿದ್ದೆಲ್ಲ ಕೃತಕ ಎಂದು ತೀರ್ಪು ಕೊಟ್ಟಾಗ, ಗಟ್ಟಿಯಾಗಿ ಅಳುವವರ, ಗಟ್ಟಿಯಾಗಿ ನಗುವವರ ಭಾವನೆಯೇ ಕೃತಕವೆಂದು ಹೇಳಿದಂತಾಗುತ್ತದೆ. ಅವರು ಯಾರು? ನಮ್ಮ ತಾಯಂದಿರು, ಅಜ್ಜಿಯರು. ಅವರ ಸಂಗಡ ಒಂದೇ ಕಂಬಳಿಯ ಮೇಲೆ ಕುಳಿತು ಪಾರಿಜಾತ ನೋಡಿದ ಮಕ್ಕಳು, ನಾಲ್ಕು ಅಕ್ಷರ ಕಲಿತು ಪಟ್ಟಣಕ್ಕೆ ಬಂದೊಡನೆ, ಅವರ ಆನಂದವನ್ನು ಅನಾಗರಿಕವೆಂದು ಎಣಿಸಬೇಕಾಗಿ ಬಂದರೆ ಅದು ಸಾಹಿತ್ಯದ ಲಾಭವಲ್ಲ, ನಷ್ಟ. ಈ ನಷ್ಟವನ್ನು ಅರಿತವರು ನಮ್ಮಲ್ಲಿ ಇದ್ದಾರೆ. ಇದೇ ಸೀಮೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಬಯಲಾಟದ ಬನಿಯನ್ನು ತಂದು 'ಜೋಕುಮಾರಸ್ವಾಮಿ'ಯನ್ನು ಬರೆದಾಗ, 1972ರಲ್ಲಿ ಬಿ. ವಿ. ಕಾರಂತರು ಅದನ್ನು ಆಡಿಸಿದಾಗ, ಹೊಸ ರಂಗಭೂಮಿಗೆ ಒಂದು ಹೊಸ ಉಸಿರು ಬಂತು.

ಆದರೂ ಒಂದು ಬಾಕಿ ಉಳಿದಿದೆ. 1977ರ ಆ ತಟ್ಟೆಯ ಹೊದಿಕೆಯ ಮೇಲೆ, ಗಾಯಕನ ಹೆಸರಿನ ಜೊತೆಗೆ, ಹಾಡುಗಳು ಜಿಮ್ ಸ್ಟೈನ್‌ಮನ್ನನವು ಎಂದು ಅಚ್ಚಾಗಿದೆ. 2012ರಲ್ಲಿ ಅವನ ದೇಶದ ಗೀತರಚನಕಾರರ ಗೌರವಪಟ್ಟಿಯಲ್ಲಿ ಅವನ ಹೆಸರು ಸೇರಿತು. ನಮ್ಮಲ್ಲಿ ಹಾಡು ಬರೆದವನಿಗೆ ಆ ಭಾಗ್ಯವಿಲ್ಲ. ಪಾರಿಜಾತವೆಂದರೆ ಜನ ಕೌಜಲಗಿ ನಿಂಗಮ್ಮನನ್ನು ನೆನೆಯುತ್ತಾರೆ. ನೆನೆಯತಕ್ಕದ್ದೇ, ಆ ಆಟಕ್ಕೆ ಆಕೆ ಜೀವವನ್ನೇ ತೆತ್ತ ಕಲಾವಿದೆ. ಆದರೆ ಆಕೆಯ ಬಾಯಿಗೆ ಮಾತು ಕೊಟ್ಟ ತಮ್ಮಣ್ಣನನ್ನು ಎಷ್ಟು ಮಂದಿ ನೆನೆಯುತ್ತಾರೆ? ಅವನಿಗಾದರೂ ಒಂದು ಹೆಸರು ಉಳಿದಿದೆ. ಊರೂರಿನ ದೊಡ್ಡಾಟ ಸಣ್ಣಾಟಗಳಿಗೆ ಹಾಡು ಕಟ್ಟಿಕೊಟ್ಟ ಮಾಸ್ತರರ ಹೆಸರುಗಳು ಕೈಬರಹದ ವಹಿಗಳಲ್ಲಿವೆ. ಆ ವಹಿಗಳು ಹಳೆಯ ಮನೆಗಳ ಮಾಡುಗಳಲ್ಲಿ, ಗೆದ್ದಲಿನ ಸಮೀಪದಲ್ಲಿವೆ.

ನಿಮ್ಮ ಊರಿನಲ್ಲಿ ಇಂಥ ಆಟದಲ್ಲಿ ಹಾಡಿದ ಹಿರಿಯರೊಬ್ಬರು ಇದ್ದರೆ, ಬಿಡುವಾದಾಗ ಅವರ ಬಳಿ ಹೋಗಿ ಕುಳಿತುಕೊಳ್ಳಿ. ಅವರು ಹಾಡಿದ್ದನ್ನು ಬರೆದುಕೊಳ್ಳಿ. ಕೊನೆಗೆ, "ಇದನ್ನು ಕಟ್ಟಿದವರು ಯಾರು?" ಎಂದು ಕೇಳಿ, ಆ ಹೆಸರನ್ನೂ ಹಾಡಿನ ತಲೆಯ ಮೇಲೆ ಬರೆದಿಡಿ. ಅವರು ಹಾಡುವಾಗ ದನಿ ತಗ್ಗಿಸಿರೆಂದು ಮಾತ್ರ ಹೇಳಬೇಡಿ.